ನಮ್ಮ ಮಾವನವರ ಫುಟ್‌ಬಾಲ್ ನೇಯ್ಗೆ

ಜನ್ಮದಲ್ಲಿ ಒಂದು ಸಲವೂ ಚೆಂಡನ್ನು ಒದೆಯದೆ ಫುಟ್‌ಬಾಲ್ ತಂಡದ ಮೇನೇಜರ್ ಆಗಿದ್ದವರು ಯಾರಾದರೂ ಇದ್ದರೆ ಅದು ನಮ್ಮ ಮಾವನವರು! ಚೆಂಡು ಅವರನ್ನು ಮುಟ್ಟಿಯೇ ಇಲ್ಲ ಎಂದರೆ ಸುಳ್ಳಾದೀತು. ಒಮ್ಮೆ ಮೈದಾನದ ಅಂಚಿನಲ್ಲಿ ಕುಳಿತಿದ್ದವರ ಮೊಣಕಾಲಿಗೆ ಅದೇ ಬಂದು ಬಡಿದು, ವಾರವಿಡೀ ಅರಿಶಿನ ಹಚ್ಚಿಸಿಕೊಂಡಿದ್ದರು. ಆದರೆ ಅದನ್ನು ಆಟ ಎನ್ನಲಾದೀತೆ?

ಎಂಬತ್ತರ ದಶಕದ ಮಾತು. ನಾನು ದೊಡ್ಡಬಳ್ಳಾಪುರದಿಂದ ಕೊಯಮತ್ತೂರಿನ ನೇಕಾರರ ಬೀದಿಯೊಂದಕ್ಕೆ ಸೊಸೆಯಾಗಿ ಬಂದೆ. ಬೀದಿಯ ತುಂಬ ಕನ್ನಡದ ಮನೆಗಳೇ. ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆಸಿದವರು. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಒಳಗಿನ ಕನ್ನಡದಲ್ಲೂ ಅರ್ಧ ತಮಿಳೇ ಇರುತ್ತಿತ್ತೆನ್ನಿ. ನಾನು ಬಾಯಿ ತೆರೆದರೆ ಅಕ್ಕಪಕ್ಕದ ಹೆಂಗಸರು, "ರೇಡಿಯೋ ಶುರುವಾಯ್ತು" ಎಂದು ನಗುತ್ತಿದ್ದರು.

ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಕೇಳುವುದು ಲೋಕರೂಢಿ. ನಮ್ಮ ಮಾವನವರು ನನ್ನ ಪಾದಗಳನ್ನೇ ದಿಟ್ಟಿಸಿ ನೋಡಿ, "ಮಗ್ಗಕ್ಕೆ ಕೂತ್ರೆ ಯಾವ ಕಾಲು ಮೊದಲು ತುಳೀತೀಯ ಕಣ್ಣು?" ಎಂದರು. ಆ ಸೀಮೆಯಲ್ಲಿ ಮಕ್ಕಳನ್ನು ಪ್ರೀತಿಯಿಂದ 'ಕಣ್ಣು' ಎಂದೇ ಕರೆಯುತ್ತಾರೆ. ನಾನು "ಎಡಗಾಲು" ಎಂದೆ. ಅವರ ಮುಖ ಅರಳಿತು. "ಎಡಗಾಲು ಸಿಗೋದು ರೊಂಬ ಕಷ್ಟ" ಎಂದವರೇ ಅಲ್ಲೇ ತಾಂಬೂಲ ಬದಲಾಯಿಸಿಬಿಟ್ಟರು. ನಮ್ಮಪ್ಪ ಇದು ಯಾವುದೋ ಸಾಮುದ್ರಿಕ ಶಾಸ್ತ್ರವಿರಬೇಕೆಂದು ಕೈಮುಗಿದರು. ಅದು ಫುಟ್‌ಬಾಲ್ ಶಾಸ್ತ್ರವೆಂದು ನನಗೆ ತಿಳಿದದ್ದು ಮದುವೆಯಾದ ಮೇಲೆ!

ನಮ್ಮ ಬೀದಿಯ ಹುಡುಗರದೊಂದು ತಂಡವಿತ್ತು. ಜಿಲ್ಲೆಯ ಲೀಗಿನಲ್ಲಿ ಎರಡನೇ ದರ್ಜೆಯಲ್ಲಿ ಆಡುತ್ತಿತ್ತು. ಅದಕ್ಕೆ ಮೇನೇಜರೂ, ಕೋಚೂ, ನಿಂಬೆಹಣ್ಣು ಹೆಚ್ಚುವವರೂ ಎಲ್ಲ ನಮ್ಮ ಮಾವನವರೇ. ಆಟಗಾರರನ್ನು ಅವರು ಆರಿಸುತ್ತಿದ್ದ ಕ್ರಮ ಬೇರೆ ಯಾವ ದೇಶದಲ್ಲೂ ಇರಲಾರದು. ನಮ್ಮವೆಲ್ಲ ಗುಂಡಿಮಗ್ಗ. ನೇಕಾರ ನೆಲದ ಗುಂಡಿಯೊಳಗೆ ಕಾಲಿಳಿಬಿಟ್ಟು ಕೂತು, ತುಳಿಮಣೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾ ಲಾಳಿ ಓಡಿಸಬೇಕು. ಮಾವನವರು ಬೆಳಗಿನ ಕಾಫಿ ಮುಗಿಸಿ ಬೀದಿಯುದ್ದಕ್ಕೂ ನಡೆಯುತ್ತಾ ಒಂದೊಂದು ಮನೆಯ ಕಿಟಕಿಯ ಹೊರಗೂ ನಿಂತು ಕಿವಿಗೊಡುತ್ತಿದ್ದರು. "ಇವನ ಎಡಗಾಲು ಹಗುರ, ಲೆಫ್ಟಲ್ಲಿ ಓಡ್ಲಿ." "ಇವನು ತುಳಿದ್ರೆ ಗೋಡೆನೇ ಅದುರುತ್ತೆ, ಬ್ಯಾಕಲ್ಲಿ ನಿಲ್ಲಿಸು." ಸ್ವಂತ ಮಗನ ಕಾಲು ಕೇಳಿ ನಿಟ್ಟುಸಿರು ಬಿಟ್ಟು, "ಕಾಲು ಮಂದ, ಕೈ ಚುರುಕು" ಎಂದು ಅವನನ್ನು ಗೋಲಿಗೆ ನಿಲ್ಲಿಸಿದರು. ಹಾಗೆ ನನ್ನ ಗಂಡ ಗೋಲ್‌ಕೀಪರ್ ಆದದ್ದು.

ಒಂದು ದಿನ ಬೀದಿಯ ಕೊನೆಯ ಮನೆಯ ಕಿಟಕಿಯ ಹತ್ತಿರ ಮಾವನವರು ಮೈಮರೆತು ನಿಂತುಬಿಟ್ಟರಂತೆ. ಏನು ಲಯ! ಏನು ವೇಗ! ಇಷ್ಟು ವರ್ಷ ಈ ಸೆಂಟರ್ ಫಾರ್ವರ್ಡ್ ಎಲ್ಲಿ ಅಡಗಿದ್ದ? ತಡೆಯಲಾರದೆ ಬಾಗಿಲು ತಟ್ಟಿ, "ತಂಬೀ, ಹೊರಗೆ ಬಾ, ನೀನೇ ನಮ್ಮ ಟೀಮಿಗೆ ಬೇಕಾದವನು" ಎಂದು ಕೂಗಿದರು. ಮಗ್ಗ ನಿಂತಿತು. ಗುಂಡಿಯಿಂದ ಎದ್ದು ಬಂದದ್ದು ಆ ಮನೆಯ ಅಜ್ಜಿ!

ಮಾವನವರಿಗೆ ನಾಚಿಕೆಗಿಂತ ನಷ್ಟದ ದುಃಖವೇ ಹೆಚ್ಚಾಗಿತ್ತು. "ಒಂದು ಮೂವತ್ತು ವರ್ಷ ಮುಂಚೆ ನಾನು ಆ ಕಿಟಕಿ ಹತ್ರ ಹೋಗಬೇಕಾಗಿತ್ತು" ಎಂದು ಊಟದ ಹೊತ್ತಿನಲ್ಲಿ ಗೊಣಗಿ ಅತ್ತೆಯವರಿಂದ ಬೈಸಿಕೊಂಡರು.

ಇಷ್ಟೆಲ್ಲ ಶಾಸ್ತ್ರ ಪ್ರಯೋಗಿಸಿದ ತಂಡ ಗೆದ್ದು ಗುಡ್ಡೆ ಹಾಕಿತೋ? ಇಲ್ಲ. ಸೋತು ಸುಣ್ಣವಾಯಿತೋ? ಅದೂ ಇಲ್ಲ. ಲೀಗ್ ಮುಗಿದಾಗ ಪಟ್ಟಿಯನ್ನು ಮೇಲಿನಿಂದ ಎಣಿಸಿದರೂ ಕೆಳಗಿನಿಂದ ಎಣಿಸಿದರೂ ನಮ್ಮ ತಂಡ ನಟ್ಟನಡುವೆ ಸಿಗುತ್ತಿತ್ತು. ಪ್ರತಿ ವರ್ಷ ಲೀಗ್ ಮುಗಿದ ಭಾನುವಾರ ಗುಡಿಯ ಮಂಟಪದಲ್ಲಿ ಬೀದಿಯವರೆಲ್ಲ ಸೇರಿ ಮೇನೇಜರನ್ನು ವಿಚಾರಿಸಿಕೊಳ್ಳುತ್ತಿದ್ದರು. ಬೈದು ಮುಗಿದ ಮೇಲೆ ಬೀದಿಯ ಯಜಮಾನರು ಎಲೆಅಡಿಕೆ ಎತ್ತಿ ಮಾವನವರ ಕೈಗೆ ಕೊಡುತ್ತಿದ್ದರು. ಕೊಟ್ಟರೆ ಮುಂದಿನ ವರ್ಷವೂ ಅವರೇ ಮೇನೇಜರ್ ಎಂದು ಅರ್ಥ. ಆ ಎಲೆಯನ್ನು ಮಾವನವರು ತಿನ್ನುತ್ತಿರಲಿಲ್ಲ. ಮನೆಗೆ ತಂದು ದೇವರ ಮುಂದಿಟ್ಟು, ಅದು ಒಣಗಿ ಪುಡಿಯಾಗುವವರೆಗೂ ದಿನಾ ನೋಡುತ್ತಿದ್ದರು. ಅವರಿಗೆ ಬೇರೆ ಆಸೆಯೇ ಇದ್ದ ಹಾಗೆ ನನಗೆ ಕಾಣಲಿಲ್ಲ.

ತಂಡದ ಹತ್ತಿರ ಏನಿತ್ತು ಹೇಳಿ? ಬೂಟುಗಳು ಅರ್ಧ ಜನಕ್ಕೆ ಮಾತ್ರ. ಅಂಗಿಗಳು ತಿರುಪ್ಪೂರಿನವು. ಅಲ್ಲಿಯ ಬನಿಯನ್ ಕಾರ್ಖಾನೆಗಳಲ್ಲಿ ತಳ್ಳಿಹಾಕಿದ ಮಾಲು. ಒಂದಕ್ಕೆ ತೋಳು ಗಿಡ್ಡ, ಇನ್ನೊಂದಕ್ಕೆ ತಲೆ ತೂರದ ಕೊರಳು. ಎಲ್ಲಕ್ಕೂ ಒಂದೇ ಬಣ್ಣ ಬರಲೆಂದು ಮಾವನವರು ನೂಲಿಗೆ ಹಾಕಿ ಉಳಿದ ಕೆಂಪು ಬಣ್ಣವನ್ನು ಹಿತ್ತಲ ಹಂಡೆಯಲ್ಲಿ ಕುದಿಸಿ ಅದ್ದಿ ತೆಗೆದರು. ಮುಂದಿನ ಪಂದ್ಯಕ್ಕೆ ಸರಿಯಾಗಿ ಮಳೆ ಬಂತು! ಎದುರಾಳಿಗಳು ಒಂದು ಮಿಲ್ಲಿನವರು, ಬಿಳಿ ಅಂಗಿ ತೊಟ್ಟಿದ್ದರು. ನಮ್ಮವರು ಮೈಗೆ ಮೈ ತಗುಲಿಸಿ ಆಡಿದ್ದೇ ಆಡಿದ್ದು, ಬಿಡುವಿನ ಹೊತ್ತಿಗೆ ಮೈದಾನದಲ್ಲಿ ಬಿಳಿ ಅಂಗಿಯೇ ಉಳಿದಿರಲಿಲ್ಲ. ನಮ್ಮ ಲೆಫ್ಟ್ ಆಟಗಾರ ಪಾಪ, ತನ್ನವನೇ ಎಂದು ಅವರ ಫಾರ್ವರ್ಡಿಗೆ ಚೆಂಡು ಕೊಟ್ಟ. ಅವನು ಥ್ಯಾಂಕ್ಸ್ ಹೇಳಿ ಗೋಲು ಹೊಡೆದ.

ಎಲ್ಲರೂ ಆ ಹುಡುಗನ ಮೇಲೆ ಮುಗಿಬಿದ್ದಾಗ ಮಾವನವರು ಅಡ್ಡ ನಿಂತರು. "ಅವನು ಚೆನ್ನಾಗೇ ಆಡಿದ. ಬಣ್ಣಕ್ಕೆ ಉಪ್ಪು ಕಮ್ಮಿ ಹಾಕಿದವನು ನಾನು. ಉಪ್ಪು ಸರಿಯಾಗಿ ಹಾಕಿದ್ರೆ ಬಣ್ಣ ಬಿಡ್ತಿತ್ತಾ?"

ಬಣ್ಣ ಹಾಕುವವರಿಗೆ ಅದು ಒಪ್ಪುವ ಮಾತೇ. ಎಲ್ಲರೂ ಹುಡುಗನನ್ನು ಬಿಟ್ಟು ಉಪ್ಪಿನ ಬಗ್ಗೆ ಜಗಳವಾಡುತ್ತಾ ಮನೆಗೆ ಹೋದರು.

ಮಾವನವರ ಇನ್ನೊಂದು ಅಸ್ತ್ರವೆಂದರೆ ಕನ್ನಡ! ಮೈದಾನದಲ್ಲಿ ಎದುರಾಳಿಗಳೆಲ್ಲ ತಮಿಳರು, ನಮ್ಮ ಮನೆಮಾತು ಅವರಿಗೆಲ್ಲಿ ಅರ್ಥವಾಗಬೇಕು? ಗುಟ್ಟುಗಳನ್ನೆಲ್ಲ ಅಂಚಿನಲ್ಲಿ ನಿಂತು ಗಂಟಲು ಹರಿಯುವಂತೆ ಕನ್ನಡದಲ್ಲಿ ಕೂಗುತ್ತಿದ್ದರು. ಈ ಉಪಾಯದಿಂದ ಕೆಲವು ಪಂದ್ಯಗಳನ್ನು ಗೆದ್ದದ್ದೂ ಉಂಟು. ಆದರೆ ಒಮ್ಮೆ ಕಾರಮಡೈಯಲ್ಲಿ ಪಂದ್ಯವಿತ್ತು. ರಂಗನಾಥಸ್ವಾಮಿ ದರ್ಶನವೂ ಆಗಲೆಂದು ಅತ್ತೆಯವರೂ ನಾನೂ ಪುಳಿಯೋಗರೆ ಕಟ್ಟಿಕೊಂಡು ಹೋದೆವು. ಎದುರಾಳಿಗಳು ಬಾಳೆತೋಟದ ರೈತರ ಹುಡುಗರು. "ಅವನಿಗೆ ಬಲಗಾಲು ಬರಲ್ಲ, ಆ ಕಡೆನೇ ನುಗ್ಗು!" ಎಂದು ಮಾವನವರು ಕೂಗಿದರೆ ಆ ಕಡೆ ಆಗಲೇ ಮೂವರು ನಿಂತಿರುತ್ತಿದ್ದರು. "ಹಿಂದಕ್ಕೆ ಕೊಡು!" ಎಂದರೆ ಹಿಂದೆ ಒಬ್ಬ ಕಾದಿರುತ್ತಿದ್ದ. "ಇವರಿಗೇನು ಮಂತ್ರ ಬರುತ್ತಾ?" ಎಂದು ಮಾವನವರು ಕಣ್ಣು ಕಣ್ಣು ಬಿಟ್ಟರು.

ಆಟ ಮುಗಿದ ಮೇಲೆ ಅವರ ಕ್ಯಾಪ್ಟನ್ ಬಂದು ಕೈಮುಗಿದು ಅಚ್ಚಗನ್ನಡದಲ್ಲಿ ಹೇಳಿದ: "ಮಾವಾ, ನಮ್ಮನೇಲೂ ಇದೇ ಮಾತು ಆಡೋದು. ಕೂಗಿ ಕೂಗಿ ಗಂಟಲು ಕಟ್ಟಿರುತ್ತೆ, ಬನ್ನಿ, ಮಜ್ಜಿಗೆ ಕುಡೀರಿ."

ನಮ್ಮ ಬೀದಿಯ ಕೊನೆಗೆ ಕನ್ನಡ ಮುಗಿದು, ಮತ್ತೆ ನನ್ನ ತವರಿನಲ್ಲೇ ಶುರುವಾಗುತ್ತದೆ ಎಂದು ಮಾವನವರು ನಂಬಿದ್ದರು! ವಾಪಸು ಬರುವ ಬಸ್ಸಿನಲ್ಲಿ ಸೋತ ಹುಡುಗರೆಲ್ಲ ಮುಖ ಗಂಟಿಕ್ಕಿಕೊಂಡಿದ್ದರೆ, ಮೇನೇಜರ್ ಮಾತ್ರ ಮಡಿಲಲ್ಲಿ ಆ ಹುಡುಗರು ಕೊಟ್ಟ ಬಾಳೆಗೊನೆ ಇಟ್ಟುಕೊಂಡು ನೆಂಟರ ಮನೆಯಿಂದ ಬಂದವರ ಹಾಗೆ ಹಿಗ್ಗುತ್ತಿದ್ದರು. "ಹುಡುಗರು ಚೆನ್ನಾಗೇ ಆಡಿದ್ರು. ಕೂಗಿದವನು ನಾನು" ಎಂದು ನಡುನಡುವೆ ಹೇಳಲು ಮರೆಯಲಿಲ್ಲ.

ಈ ಮಾತು ಮಾವನವರ ಬಾಯಿಂದ ಮೈದಾನದಲ್ಲಷ್ಟೇ ಬರುತ್ತಿತ್ತು ಎಂದುಕೊಂಡಿರಾ? ನಾನು ಬಂದ ಹೊಸತರಲ್ಲಿ ಕುನ್ನತ್ತೂರಿನಿಂದ ಅತ್ತೆಯವರ ಅಕ್ಕ ಬಂದಿದ್ದರು. ನನ್ನ ರಸಂ ಬಾಯಿಗಿಟ್ಟು, "ಇದೇನು ರಸವಾ, ಬಿಸಿನೀರಾ? ಎಲ್ಲಿಂದ ಹುಡುಕಿ ತಂದ್ರಿ ಈ ಹೆಣ್ಣನ್ನ?" ಎಂದುಬಿಟ್ಟರು. ನನಗೆ ಕಣ್ಣೀರೇ ಬಂತು. ಮಾವನವರು ಲೋಟ ಎತ್ತಿ ಗಟಗಟನೆ ಕುಡಿದು, "ರಸ ಚೆನ್ನಾಗಿದೆ ಕಣ್ಣು. ನಮ್ಮ ನಾಲಿಗೆ ಸರಿಯಿಲ್ಲ" ಎಂದರು. ಅತ್ತೆಯವರು ತಲೆ ಚಚ್ಚಿಕೊಂಡು, "ಇವರಿಗೆ ಸೊಸೆನೂ ಒಂದೇ, ಸೆಂಟರ್ ಫಾರ್ವರ್ಡೂ ಒಂದೇ" ಎಂದರು.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಆದರೆ ಒಂದು ವರ್ಷ ಆ ಭಾನುವಾರದ ಸಭೆಗೆ ಮಾವನವರ ದಾಯಾದಿಯೊಬ್ಬರು ಕಾರಿನಲ್ಲಿ ಬಂದಿಳಿದರು. ನಮ್ಮ ಬೀದಿಯಲ್ಲೇ ಹುಟ್ಟಿ, ಆರ್.ಎಸ್. ಪುರಂನಲ್ಲಿ ದೊಡ್ಡ ಜೌಳಿ ಅಂಗಡಿ ಇಟ್ಟವರು. ಹುಡುಗರಿಗೆಲ್ಲ ಬೂಟು, ಹೊಸ ಅಂಗಿ, ಹೊಸ ಚೆಂಡು, ಎಲ್ಲ ತಾವೇ ಕೊಡಿಸುವುದಾಗಿ ಹೇಳಿದರು. ಮಂಟಪಕ್ಕೆ ಮಂಟಪವೇ ಚಪ್ಪಾಳೆ ತಟ್ಟಿತು. ಅವರು ಕೈ ಎತ್ತಿ, "ಆದ್ರೆ ಮೇನೇಜರ್ ನಾನು ಹೇಳಿದವರು ಆಗಬೇಕು. ಓದಿ ಟ್ರೈನಿಂಗ್ ಮಾಡಿದೋರು ಇದ್ದಾರೆ. ಅಣ್ಣ ಇಷ್ಟು ವರ್ಷ ಏನು ಸಾಧಿಸಿದ್ರು? ಮೇಲೆ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಅಲ್ಲೇ ನಿಂತ್ರು" ಎಂದರು.

ಹೆಂಗಸರು ನಾವು ಕಂಬಗಳ ಹಿಂದೆ ನಿಂತಿದ್ದೆವು. ಯಜಮಾನರ ಕೈಯಲ್ಲಿ ಎಲೆಅಡಿಕೆ ಹಾಗೇ ಇತ್ತು. ಬೀದಿಗೆಲ್ಲ ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವವರು ಈ ಯಜಮಾನರೇ. ಮಾವನವರನ್ನು ಕಳೆದುಕೊಳ್ಳಲು ಅವರಿಗೆ ಮನಸ್ಸಿಲ್ಲವೆಂದು ಮುಖವೇ ಹೇಳುತ್ತಿತ್ತು.

ನಮ್ಮ ಕಸುಬಿನಲ್ಲೊಂದು ಪದ್ಧತಿಯಿದೆ. ನೇಯ್ದು ತಂದ ಸೀರೆಯಲ್ಲಿ ಕುಂದು ಕಂಡರೆ ಯಜಮಾನರು ಒಮ್ಮೆಲೇ ಬೈಯುವುದಿಲ್ಲ. ಮೊದಲು "ನೂಲು ಹೇಗಿತ್ತು?" ಎಂದು ಕೇಳುತ್ತಾರೆ. "ನೂಲು ಸರಿಯಿರಲಿಲ್ಲ" ಎಂದು ನೇಕಾರ ಹೇಳಿದರೆ ಮುಗಿಯಿತು, ಅವನ ಮೇಲೆ ತಪ್ಪಿಲ್ಲ. ಕೆಟ್ಟ ನೂಲಿನಲ್ಲಿ ಇಷ್ಟಾದರೂ ನೇಯ್ದನಲ್ಲ ಎಂದು ಬೆನ್ನು ತಟ್ಟಿ ಮತ್ತೆ ಕೆಲಸ ಕೊಡುತ್ತಾರೆ.

ಯಜಮಾನರು ಗಂಟಲು ಸರಿಮಾಡಿಕೊಂಡು ಮಾವನವರ ಕಡೆ ತಿರುಗಿದರು. "ನೀನೇ ಹೇಳಪ್ಪಾ. ನೂಲು ಹೇಗಿತ್ತು?"

ಎಲ್ಲರಿಗೂ ಅರ್ಥವಾಯಿತು. ಬಾಗಿಲು ತೆರೆದಿಟ್ಟಿದ್ದರು. ಒಂದು ಮಾತು ಹೇಳಿದರೆ ಎಲೆ ಅವರದೇ! ಬೂಟಿಲ್ಲದ, ಹೊಟ್ಟೆ ತುಂಬ ತಿಂದು ಗೊತ್ತಿಲ್ಲದ, ಮಗ್ಗದಿಂದ ಎದ್ದು ನೇರ ಮೈದಾನಕ್ಕೆ ಓಡುವ ಹುಡುಗರು. ಇಂಥ ನೂಲಿನಲ್ಲಿ ನಡುವಿನ ಜಾಗ ಹಿಡಿದದ್ದೇ ದೊಡ್ಡದಲ್ಲವೇ? ಹೇಳಿಬಿಡಿ ಮಾವಾ ಎಂದು ನಾನು ಕಂಬ ಹಿಡಿದು ಒಳಗೊಳಗೇ ಬೇಡಿಕೊಂಡೆ.

ಮಾವನವರು ಹುಡುಗರ ಕಡೆ ನೋಡಿದರು. ಅವರೆಲ್ಲ ಕೆಳಗೆ ನೆಲದ ಮೇಲೆ ಸಾಲಾಗಿ ಕೂತಿದ್ದರು, ನನ್ನ ಗಂಡನೂ ಇದ್ದರು. ಒಬ್ಬರೂ ತಲೆಯೆತ್ತಲಿಲ್ಲ.

"ನೂಲು ಚೆನ್ನಾಗೇ ಇತ್ತು ಯಜಮಾನ್ರೇ" ಎಂದರು ಮಾವನವರು. "ರೊಂಬ ಒಳ್ಳೆ ನೂಲು. ಸರಿಯಾಗಿ ನೇಯದವನು ನಾನು."

ಎಲೆಅಡಿಕೆ ಜೌಳಿ ಅಂಗಡಿಯವರ ಕೈಗೆ ಹೋಯಿತು.

ಬೂಟು ಬಂತು, ಅಂಗಿ ಬಂತು, ಸೀಟಿ ಊದುವ ಹೊಸ ಮೇನೇಜರೂ ಬಂದರು. ಮುಂದಿನ ವರ್ಷ ತಂಡ ಎಲ್ಲಿಗೆ ಮುಟ್ಟಿತು ಎನ್ನುತ್ತೀರಾ? ನಟ್ಟನಡುವಿಗೇ! ಅದನ್ನು ಕೇಳಿ ಬೀದಿಯೆಲ್ಲ ನಕ್ಕಿತು, ಮಾವನವರು ಮಾತ್ರ ನಗಲಿಲ್ಲ. ಆದರೆ ಅದು ಆಮೇಲಿನ ಕಥೆ. ಆ ಭಾನುವಾರ ಮಧ್ಯಾಹ್ನ ಅವರು ಮಂಟಪದಿಂದ ಬಂದು ಕಾಲು ತೊಳೆದು, ದೇವರ ಮುಂದಿನ ಖಾಲಿ ಜಾಗವನ್ನು ಒಮ್ಮೆ ನೋಡಿ, ಊಟದ ಎಲೆಯ ಮುಂದೆ ಕೂತರು. ನಾನು ಸಭೆಯಿಂದ ಓಡಿಬಂದು, ಮನಸ್ಸನ್ನು ಮಂಟಪದಲ್ಲೇ ಬಿಟ್ಟು ಒಗ್ಗರಣೆ ಹಾಕಿದ್ದೆ. ರಸಂ ಬಡಿಸಿದೆ. ಒಂದು ತುತ್ತು ಕಲಸಿ ಬಾಯಿಗಿಟ್ಟವರು ನೀರಿನ ಲೋಟಕ್ಕೆ ಕೈ ಹಾಕಿದರು.

"ರಸ ಚೆನ್ನಾಗಿದೆ ಕಣ್ಣು" ಎಂದರು. "ನನ್ನ ನಾಲಿಗೆ..."

"ನಿಮ್ಮ ನಾಲಿಗೆಯೂ ಚೆನ್ನಾಗಿದೆ ಮಾವಾ" ಎಂದೆ. "ಎರಡು ಸಲ ಉಪ್ಪು ಹಾಕಿದವಳು ನಾನು."

ಅವರು ತಲೆಯೆತ್ತಿ ನನ್ನನ್ನೇ ನೋಡಿದರು. ಆಮೇಲೆ ತಲೆ ತಗ್ಗಿಸಿ, ಆ ಉಪ್ಪುಪ್ಪು ಅನ್ನವನ್ನು ಒಂದಗುಳೂ ಬಿಡದೆ ಉಂಡರು.