ಉಪಯೋಗಕ್ಕೆ ಬಾರದ ಒಂದು ಪಾರಿವಾಳ ಮತ್ತು ಶುಕ್ರವಾರ ಮಧ್ಯಾಹ್ನದ ಕುರಿತು

ಇಂದ:
ಶ್ರೀಮತಿ ಡೆಬೊರಾ ಕ್ರಾಸ್ತಾ,
ಹಗಲಿಗೆ ಆಸ್ಪತ್ರೆಯ ವಿಮಾ ವಿಭಾಗ, ಉಳಿದ ಹೊತ್ತಿಗೆ ಅಡುಗೆಮನೆ ವಿಭಾಗ,
ಊದ್ ಮೇಥಾ, ದುಬೈ.

ಗೆ:
ಶ್ರೀ ನಾರ್ಬರ್ಟ್ ಕ್ರಾಸ್ತಾ,
ಸದರಿ ಅರ್ಜಿದಾರಳ ಪತಿ, ಹಾಗೂ
ಪ್ರಧಾನ ಕಾರ್ಯದರ್ಶಿ, ಕರಾವಳಿ ಸೌಹಾರ್ದ ಕೂಟ, ದುಬೈ.

ವಿಷಯ: ಮದುವೆಗೆ ಮುಂಚೆ ಮಂಜೂರಾದ ಶುಕ್ರವಾರ ಮಧ್ಯಾಹ್ನವನ್ನು ಅರ್ಜಿದಾರಳ ಸ್ವಾಧೀನಕ್ಕೆ ಬಿಟ್ಟುಕೊಡುವ ಬಗ್ಗೆ.

ಉಲ್ಲೇಖ: 1. ಶಿರ್ವದ ಮನೆಯ ಜಗಲಿಯಲ್ಲಿ ಮಾನ್ಯರು ನೀಡಿದ ಮೌಖಿಕ ಆದೇಶ.
2. ಕಳೆದ ಶನಿವಾರ ಕೂಟದ ವಾರ್ಷಿಕೋತ್ಸವದಲ್ಲಿ ಅದೇ ಮಾನ್ಯರು ಮೈಕಿನಲ್ಲಿ ನೀಡಿದ, ಮೇಲಿನದಕ್ಕೆ ತದ್ವಿರುದ್ಧವಾದ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ನಿವೇದಿಸಿಕೊಳ್ಳುವುದೇನೆಂದರೆ:

1. ಮಾನ್ಯರು ದುಬೈಯಿಂದ ರಜೆಯಲ್ಲಿ ಬಂದು, ಹುಡುಗಿ ನೋಡುವ ನಿಮಿತ್ತ ಶಿರ್ವದ ಮನೆಯ ಜಗಲಿಯಲ್ಲಿ ಕುಳಿತು, ಹಿರಿಯರೆಲ್ಲ ಉಪಾಯವಾಗಿ ಒಳಗೆ ಸರಿದ ಮೇಲೆ, ಅರ್ಜಿದಾರಳಿಗೆ ಏನು ಇಷ್ಟ ಎಂದು ವಿಚಾರಿಸಿದ್ದರು. ಕೈಕಸೂತಿ ಕಲಿಯಬೇಕೆಂದು ಚಿಕ್ಕಂದಿನಿಂದ ಆಸೆ. ಓದು, ಟೈಪಿಂಗು, ತಂಗಿಯರ ಜಡೆ ಇವುಗಳ ನಡುವೆ ಅದಕ್ಕೆ ಹೊತ್ತೇ ಸಿಗಲಿಲ್ಲ ಎಂದು ಅರ್ಜಿದಾರಳು ತಿಳಿಸಿದ್ದಳು. ಮಾನ್ಯರು ಯಾವ ಕಡತವನ್ನೂ ತರಿಸಿಕೊಳ್ಳದೆ ಸ್ಥಳದಲ್ಲೇ ಮಂಜೂರು ಮಾಡಿದ ಮಾತು ಹೀಗಿದೆ: "ಅಲ್ಲಿ ಶುಕ್ರವಾರ ರಜೆ. ಪೂಜೆ ಮುಗಿಸಿ ಬಂದ ಮೇಲೆ ಮಧ್ಯಾಹ್ನ ಪೂರಾ ನಿಂದು. ಒಂದು ಗ್ಲಾಸು ನೀರು ಸಹ ಯಾರೂ ಕೇಳುದಿಲ್ಲ." ಕಿಟಕಿಯ ಆಚೆ ನಿಂತು ಕೇಳಿಸಿಕೊಂಡ ಅರ್ಜಿದಾರಳ ಚಿಕ್ಕಮ್ಮ ಇದಕ್ಕೆ ಸಾಕ್ಷಿ. ಅರ್ಜಿದಾರಳು ಒಪ್ಪಿದ್ದು ಹುಡುಗನ ಸಂಬಳ ಕೇಳಿ ಅಲ್ಲ, ಈ ಮಾತು ಕೇಳಿ ಎಂಬುದನ್ನು ದಯವಿಟ್ಟು ದಾಖಲಿಸಿಕೊಳ್ಳಬೇಕು.

2. ಸದರಿ ಆದೇಶ ಅನುಷ್ಠಾನಗೊಂಡ ಬಗೆ ಕೆಳಕಂಡಂತಿದೆ. ಈ ದೇಶದಲ್ಲಿ ಭಾನುವಾರದ ಪೂಜೆಗೆ ಶುಕ್ರವಾರವೇ ಚರ್ಚಿಗೆ ಹೋಗುವುದು ನಮ್ಮವರ ರೂಢಿಯಾಗಿದ್ದ ಕಾರಣ ಬೆಳಗ್ಗೆ ಇಗರ್ಜಿಯಾಯಿತು. ಇಗರ್ಜಿಯಲ್ಲಿ ಊರಿನವರು ಸಿಕ್ಕಿದ ಕಾರಣ ಅವರು ಮಧ್ಯಾಹ್ನ ಊಟಕ್ಕೆ ಬಂದರು. ಊಟಕ್ಕೆ ಬಂದವರು ಚಹಾಕ್ಕೂ ಉಳಿದ ಕಾರಣ ಸಂಜೆಯಾಯಿತು. ನಂತರ ಮಗಳು ಆನ್ ಮರಿಯಾ ಹುಟ್ಟಿದಳು. ಆದ್ದರಿಂದ ಕೆಲವು ವರ್ಷ ಶುಕ್ರವಾರವೆಂಬುದು ಇತ್ತೋ ಇಲ್ಲವೋ ಅರ್ಜಿದಾರಳಿಗೆ ನೆನಪಿಲ್ಲ. ತದನಂತರ ಮಗಳ ಧರ್ಮೋಪದೇಶದ ತರಗತಿಯೂ ಶುಕ್ರವಾರಕ್ಕೇ ಬಿತ್ತು. ಅರ್ಜಿದಾರಳು ಊರಿನಿಂದ ತಂದ ಕಸೂತಿಯ ರಿಂಗು ಈ ಅವಧಿಯಲ್ಲಿ ನಿಷ್ಪ್ರಯೋಜಕವಾಗಿರಲಿಲ್ಲ. ಅದರ ಮೇಲೆ ಬಿಸಿ ಪಾತ್ರೆ ಇಡಲಾಗುತ್ತಿತ್ತು.

3. ಹೀಗಿರುವಲ್ಲಿ 2022ರ ಜನವರಿಯಿಂದ ಸರಕಾರ ವಾರದ ರಜೆಯನ್ನು ಶನಿವಾರ, ಭಾನುವಾರಗಳಿಗೆ ಬದಲಾಯಿಸಿತು. ಆ ವಾರವೇ ಮಾನ್ಯರು, ತಾವು ಮಾತು ಕೊಟ್ಟದ್ದು ರಜೆಯ ಶುಕ್ರವಾರದ ಬಗ್ಗೆ, ಈಗ ಶುಕ್ರವಾರ ರಜೆಯೇ ಅಲ್ಲವಾದ್ದರಿಂದ ಆ ಮಾತು ತಂತಾನೇ ಖಲಾಸ್ ಎಂದು ತೀರ್ಪಿತ್ತರು. ಹಾಗಾದರೆ ಭಾನುವಾರ ಕೊಡಿ ಎಂದಾಗ, ಭಾನುವಾರ ಕೂಟದ ಮೀಟಿಂಗು ಎಂದರು. ಶನಿವಾರ ಕೂಟದ ಕ್ರಿಕೆಟ್ಟು. ಒಬ್ಬ ಗಂಡನ ವಚನವನ್ನು ಮಂತ್ರಿಮಂಡಲವೇ ರದ್ದುಪಡಿಸಿದ ಉದಾಹರಣೆ ಅರ್ಜಿದಾರಳಿಗೆ ಬೇರೆ ತಿಳಿದಿಲ್ಲ.

4. ಆದರೆ ಅದೇ ಬದಲಾವಣೆಯಲ್ಲಿ ಯಾರೂ ಲೆಕ್ಕಿಸದ ಒಂದು ಸಂಗತಿಯಾಯಿತು. ಅರ್ಜಿದಾರಳ ಆಸ್ಪತ್ರೆಯಲ್ಲಿ ಶುಕ್ರವಾರ ಅರ್ಧ ದಿನದ ಕೆಲಸವಾಯಿತು. ಮಾನ್ಯರಿಗೆ ಅಲ್ ಕೂಜಿನ ಗೋದಾಮಿನಲ್ಲಿ ಪೂರ್ತಿ ದಿನ. ಇಗರ್ಜಿ ಭಾನುವಾರಕ್ಕೆ ಹೋಯಿತು, ಊರಿನವರೂ ಅದರ ಹಿಂದೆಯೇ ಹೋದರು. ಮಗಳು ಶಾಲೆಯಿಂದ ಬೇಗ ಬಂದು ಬಾಗಿಲು ಹಾಕಿಕೊಂಡು ಫೋನಿನೊಳಗೆ ಇಳಿಯುತ್ತಾಳೆ, ರಾತ್ರಿ ಊಟಕ್ಕೆ ಮೇಲೆ ಬರುತ್ತಾಳೆ. ಹೀಗೆ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ, ಯಾರ ದಯೆಯೂ ಇಲ್ಲದೆ, ಅರ್ಜಿದಾರಳಿಗೆ ಶುಕ್ರವಾರ ಮಧ್ಯಾಹ್ನ ಪ್ರಾಪ್ತವಾಯಿತು. ಅವಳು ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅದಕ್ಕೂ ಒಂದು ಮೀಟಿಂಗು ಬೀಳುತ್ತಿತ್ತು.

5. ಅರ್ಜಿದಾರಳು ವಾಸಿಸುವ ಕಟ್ಟಡದ ಮೇಲಿನ ಮಹಡಿಯಲ್ಲಿ ಉಪ್ಪಿನಂಗಡಿ ಕಡೆಯ ಝುಲೈಖ ಎಂಬವರಿದ್ದಾರೆ. ಅವರ ಯಜಮಾನರು ಇಸ್ಮಾಯಿಲ್ ಸಾಹೇಬರು ಜುಮಾ ನಮಾಜು ಮುಗಿಸಿ ಬಂದು ಉಂಡು ಮಲಗಿದ ಮೇಲೆ ಝುಲೈಖಕ್ಕ ಕಸೂತಿ ಹಿಡಿದು ಕೂರುತ್ತಾರೆ. ಅರ್ಜಿದಾರಳು ಅವರಲ್ಲಿ ಶಿಷ್ಯವೃತ್ತಿ ಕೈಗೊಂಡಳು. ಮೊದಲು ಸಾದಾ ಹೊಲಿಗೆ, ಆಮೇಲೆ ಸರಪಳಿ ಹೊಲಿಗೆ, ಎಲೆ ಹೊಲಿಗೆ. ಅರ್ಜಿದಾರಳ ಮೊದಲ ಎಲೆ ಮುಂದಿನಿಂದ ಮೆಣಸಿನಕಾಯಿಯಂತೆಯೂ ಹಿಂದಿನಿಂದ ಬಾಚಣಿಗೆಗೆ ಸಿಕ್ಕ ಕೂದಲಿನಂತೆಯೂ ಕಾಣುತ್ತಿತ್ತು. ಊರಲ್ಲಿ ಕ್ರೈಸ್ತ ಹೆಂಗಸರನ್ನು ಕರೆಯುವಂತೆ ಅರ್ಜಿದಾರಳನ್ನು ಬಾಯಿ ಎನ್ನುವ ಝುಲೈಖಕ್ಕ ನಗಲಿಲ್ಲ. "ಹಿಂದೆ ತಿರುಗಿಸಿ ನೋಡ್ಬೇಡಿ ಬಾಯಿ. ಮೊದಲು ಮುಂದೆ ಸರಿಯಾಗ್ಲಿ," ಎಂದರು. ಸೂಜಿಗೆ ದಾರ ಸುತ್ತಿ, ಎಡ ಹೆಬ್ಬೆರಳಲ್ಲಿ ಒತ್ತಿಹಿಡಿದು, ಬಟ್ಟೆಯೊಳಗೆ ಇಳಿಸಿ ಹಾಕುವ ಗಂಟೊಂದಿದೆ. ಸ್ವಲ್ಪ ಸಡಿಲ ಬಿಟ್ಟರೆ ಹಿಂದಕ್ಕೆ ಜಾರಿ ಮಾಯವಾಗುತ್ತದೆ, ಬಿಗಿ ಹಿಡಿದರೆ ಹೂತುಹೋಗುತ್ತದೆ. ಆ ಒಂದು ಗಂಟು ಕೈಗೆ ಬರಲು ಅರ್ಜಿದಾರಳಿಗೆ ಇಡೀ ರಂಜಾನ್ ತಿಂಗಳ ಶುಕ್ರವಾರಗಳು ಬೇಕಾದವು. ಬಂದ ದಿನ ಅವಳು ಲಿಫ್ಟಿನಲ್ಲಿ ಒಬ್ಬಳೇ ನಕ್ಕಿದ್ದು ಕಾವಲುಗಾರನ ಕ್ಯಾಮೆರಾದಲ್ಲಿ ಇರಬಹುದು.

6. ತದನಂತರ ಅರ್ಜಿದಾರಳು ಒಂದು ಬಿಳಿ ಹತ್ತಿಬಟ್ಟೆಯ ಮೇಲೆ ಪಾರಿವಾಳವೊಂದನ್ನು ಆರಂಭಿಸಿದಳು. ಅಡುಗೆಮನೆಯ ಕಿಟಕಿಯ ಹೊರಗೆ ಏಸಿಯ ಡಬ್ಬದ ಮೇಲೆ ವೈರಿನ ತುಂಡುಗಳಲ್ಲಿ ಗೂಡು ಕಟ್ಟಿ ಕೂರುವ ಅದೇ ಪಾರಿವಾಳ. ರೆಕ್ಕೆಗೆ ಬೂದಿಯ ಬೇರೆ ಬೇರೆ ಛಾಯೆ, ಕುತ್ತಿಗೆಗೆ ಒಂದೆಳೆ ಹಸಿರು, ಕಣ್ಣಿಗೆ ಮೇಲ್ಕಂಡ ಗಂಟು. ಇದನ್ನು ನೋಡಿದ ಕುಟುಂಬವು ವಿಚಾರಣೆ ನಡೆಸಿತು. ಮಾನ್ಯರು ಇದು ದಿಂಬಿನ ಕವರೋ ಟಿ.ವಿ.ಯ ಮುಸುಕೋ ಎಂದು ಕೇಳಿದರು. ಮಗಳು ಇನ್‌ಸ್ಟಾ ಪೇಜು ತೆರೆದು ಮಾರಬಹುದೆಂದು ಸಲಹೆಯಿತ್ತಳು. ಎರಡೂ ಅಲ್ಲ ಎಂದಾಗ, "ಬಟ್ ಮಮ್ಮಿ, ವಾಟ್ ಈಸ್ ಇಟ್ ಫಾರ್?" ಎಂದಳು.

"ಯಾವುದಕ್ಕೂ ಅಲ್ಲ," ಎಂದಳು ಅರ್ಜಿದಾರಳು.

ಯಾರಿಗೋ ದೊಡ್ಡ ಕಾಯಿಲೆಯಿದೆ ಎಂದು ತಿಳಿದಾಗ ಮಾಡುವಂತೆ, ಊಟದ ಮೇಜಿನಲ್ಲಿ ಮಾನ್ಯರು ಅನ್ನದ ಪಾತ್ರೆಯನ್ನು ಅರ್ಜಿದಾರಳ ಕಡೆಗೆ ಸರಿಸಿದರು.

7. ಅರ್ಜಿದಾರಳ ಉದ್ಯೋಗದ ಬಗ್ಗೆ ಇಲ್ಲಿ ಒಂದು ಮಾತು ಅಪ್ರಸ್ತುತವಾಗದು. ಬೇರೆಯವರ ಪಿತ್ತಕೋಶ, ಮೊಣಕಾಲು, ಹೆರಿಗೆಗಳಿಗೆ ವಿಮಾ ಕಂಪನಿಗಳಿಂದ ಅನುಮತಿ ಕೇಳುವುದು ಅವಳ ಕೆಲಸ. "ಅಗತ್ಯ ಸಾಬೀತಾಗಿಲ್ಲ" ಎಂಬ ಉತ್ತರವನ್ನು ದಿನವಿಡೀ ಓದುತ್ತಾಳೆ, ಮತ್ತೆ ಸಾಬೀತುಪಡಿಸುತ್ತಾಳೆ. ಆ ಕಾರಣ, ಯಾವ ಅಗತ್ಯವನ್ನೂ ಸಾಬೀತುಪಡಿಸಬೇಕಾಗಿಲ್ಲದ ಒಂದು ವಸ್ತು ಈ ದೇಶದಲ್ಲಿ, ಈ ಬಾಡಿಗೆ ಮನೆಯಲ್ಲಿ, ಒಂದಾದರೂ ಇರಲಿ ಎಂಬುದು ಅವಳ ಆಶಯವಾಗಿತ್ತು.

8. ಸದರಿ ಆಶಯ ಮಾನ್ಯರ ಗಮನಕ್ಕೆ ಬಂದದ್ದೇ ತಡ, ಅದನ್ನು ಉಪಯೋಗಕ್ಕೆ ತರಲಾಯಿತು. ಕರಾವಳಿ ಸೌಹಾರ್ದ ಕೂಟದ ಮುಖ್ಯ ಚಟುವಟಿಕೆ ಸನ್ಮಾನ. ರಕ್ತ ಕೊಟ್ಟವರಿಗೆ ಸನ್ಮಾನ, ರಕ್ತ ಕೊಡಲು ಬಂದವರನ್ನು ಕಾರಿನಲ್ಲಿ ಕರೆತಂದವರಿಗೆ ಸನ್ಮಾನ, ಕಳೆದ ವರ್ಷ ಸನ್ಮಾನ ತಪ್ಪಿಹೋಗಿ ಮುನಿಸಿಕೊಂಡವರಿಗೆ ವಿಶೇಷ ಸನ್ಮಾನ. ಸಭಿಕರಲ್ಲಿ ಶಾಲು ಇಲ್ಲದವರನ್ನು ಹುಡುಕಬೇಕಾದ ಪರಿಸ್ಥಿತಿ. ಈ ಸಲ ಪ್ರತಿ ಶಾಲಿನ ಮೇಲೂ ಸನ್ಮಾನಿತರ ಹೆಸರನ್ನು "ನಮ್ಮ ಮಿಸೆಸ್ ಕೈಯಿಂದಲೇ ಕಸೂತಿ" ಮಾಡಿಸಿಕೊಡುವುದಾಗಿ ಮಾನ್ಯರು ಕೂಟದ ವಾಟ್ಸಾಪ್ ಗುಂಪಿನಲ್ಲಿ ಘೋಷಿಸಿದರು. ಹಾರ, ಹೂಗುಚ್ಛ, ಕೈಮುಗಿದ ಚಿತ್ರಗಳು ಬಂದು ಬಿದ್ದವು. ಅರ್ಜಿದಾರಳಿಗೆ ವಿಷಯ ತಿಳಿದದ್ದು ಈ ಅಭಿನಂದನೆಗಳ ಮೂಲಕ.

9. ಆದ್ದರಿಂದ ಪಾರಿವಾಳವನ್ನು ರಿಂಗಿನಿಂದ ಬಿಡಿಸಿ ಪಕ್ಕಕ್ಕಿಡಲಾಯಿತು ಮತ್ತು ಆ ಜಾಗಕ್ಕೆ ಶಾಲು ಬಂತು. ಸೂಜಿ ನಿಲ್ಲದೆ ಜಾರುವ, ಮಿರಮಿರ ಮಿಂಚುವ, ಮೆರೂನು ಬಣ್ಣದ ಶಾಲು. ಶುಕ್ರವಾರದ ಮೇಲೆ ಶುಕ್ರವಾರ ಹೆಸರು. ಝುಲೈಖಕ್ಕ ಕೆಲವು ವಾರ ನೋಡಿದರು. ಆಮೇಲೆ, "ಇದು ಕಸೂತಿ ಅಲ್ಲ ಬಾಯಿ, ಅಂಗಡಿಗೆ ಬೋರ್ಡು ಬರೆಯುವ ಕೆಲಸ. ನಿಮ್ಮ ಪೊರ್ಬುಗಳಿಗೆ ಒಂದು ಮಾತು ಹೇಳ್ಲಿಕ್ಕೆ ಆಗುದಿಲ್ವಾ?" ಎಂದರು. ಪೊರ್ಬುಗಳೆಂದರೆ ಮಾನ್ಯರೇ. ಅರ್ಜಿದಾರಳು ಆಗುತ್ತದೆ ಎಂದಳು. ಹೇಳಲಿಲ್ಲ. ವಾರವಿಡೀ ಗೋದಾಮಿನಲ್ಲಿ ಮಾನ್ಯರ ಮಾತನ್ನು ಯಾರೂ ಕೇಳುವುದಿಲ್ಲ, ಮೈಕು ಸಿಕ್ಕಿದಾಗ ಮಾತ್ರ ಅವರ ಬೆನ್ನು ನೆಟ್ಟಗಾಗುತ್ತದೆ ಎಂಬುದು ಅವಳಿಗೆ ತಿಳಿಯದ ವಿಷಯವಲ್ಲ.

10. ಈ ನಡುವೆ ಸೆಡ್ರಿಕ್ ಎಂಬ ಸನ್ಮಾನಿತರು, ತಮ್ಮ ಹೆಸರು ಆಹ್ವಾನ ಪತ್ರಿಕೆಯಲ್ಲಿ ತಮ್ಮ ಭಾವನ ಹೆಸರಿನ ಕೆಳಗೆ ಬಂದಿದೆಯೆಂದು ಸನ್ಮಾನವನ್ನು ತಿರಸ್ಕರಿಸಿದರು. ಅವರ ಹೆಸರು ಆಗಲೇ ಶಾಲಿನ ಮೇಲಿತ್ತು. ಬಿಚ್ಚಿದರೆ ಸೂಜಿಯ ತೂತುಗಳು ಉಳಿಯುತ್ತವೆ ಎಂದು ಅರ್ಜಿದಾರಳು ವರದಿ ಮಾಡಿದಳು. ಮಾನ್ಯರು ತುಸು ಯೋಚಿಸಿ, ತೂತು ಮುಚ್ಚುವಷ್ಟು ಉದ್ದ ಹೆಸರಿನವರೊಬ್ಬರನ್ನು ಹುಡುಕಿ ಸನ್ಮಾನಿಸಿದರು. ಆ ಮಹನೀಯರು ವೇದಿಕೆಯಲ್ಲಿ ಗದ್ಗದಿತರಾಗಿ, ತಮ್ಮ ಸೇವೆಯನ್ನು ಕೊನೆಗಾದರೂ ಸಮಾಜ ಗುರುತಿಸಿತು ಎಂದರು.

11. ಈಗ ಮುಖ್ಯ ವಿಷಯಕ್ಕೆ ಬರಲಾಗಿದೆ. ಕಳೆದ ಶನಿವಾರ ಸಮಾರಂಭದಲ್ಲಿ ದೀಪ ಬೆಳಗಿಸುವ ಮೇಜಿನ ಮೇಲೆ ಅರ್ಜಿದಾರಳು ತನ್ನ ಪಾರಿವಾಳವನ್ನು ಕಂಡಳು. ಬೆಳಗ್ಗೆ ಮನೆಯಿಂದ ಶಾಲುಗಳನ್ನು ಒಯ್ಯುವಾಗ ಮಾನ್ಯರು ಅದನ್ನೂ ಒಯ್ದಿದ್ದರು. ಅದರ ಮೇಲೆ ಹಿತ್ತಾಳೆಯ ತಟ್ಟೆ, ತಟ್ಟೆಯ ಮೇಲೆ ಎಣ್ಣೆಯ ಬಟ್ಟಲು. ಮುಖ್ಯ ಅತಿಥಿಗಳು ಬತ್ತಿ ಎತ್ತುವಾಗ ಬಟ್ಟಲು ವಾಲಿತು. ಅರ್ಧ ರೆಕ್ಕೆ, ಪೂರ್ತಿ ಕಣ್ಣು, ಎಣ್ಣೆಯಲ್ಲಿ ಒದ್ದೆಯಾಯಿತು. ಮಾನ್ಯರು ವೇದಿಕೆಯಿಂದ ಅರ್ಜಿದಾರಳನ್ನು ಹುಡುಕಿ ಕಣ್ಣಲ್ಲೇ ತೋರಿಸಿದರು; ನೋಡು, ಉಪಯೋಗವಾಯಿತಲ್ಲ ಎಂಬಂತೆ. ಆ ಮುಖದಲ್ಲಿ ಇದ್ದದ್ದು ಹೆಮ್ಮೆಯೇ ಹೊರತು ಬೇರೇನೂ ಅಲ್ಲ. ಅದರಿಂದಾಗಿ ಅರ್ಜಿದಾರಳಿಗೆ ಸಿಟ್ಟು ಮಾಡಿಕೊಳ್ಳುವ ಸೌಲಭ್ಯವೂ ತಪ್ಪಿತು.

ಅದೇ ಹುಮ್ಮಸ್ಸಿನಲ್ಲಿ ಮಾನ್ಯರು ಮೈಕು ಹಿಡಿದು, ಮುಂದಿನ ಶುಕ್ರವಾರದಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ಕೂಟದ ಮಹಿಳೆಯರಿಗೆ ತಮ್ಮ ಫ್ಲ್ಯಾಟಿನಲ್ಲಿ ಉಚಿತ ಕಸೂತಿ ಶಿಬಿರವೆಂದೂ, ಚಹಾ ತಿಂಡಿ ಇದೆಯೆಂದೂ ಪ್ರಕಟಿಸಿದರು. ಚಪ್ಪಾಳೆ ಬಿತ್ತು.

12. ಮನೆಗೆ ಮರಳುವಾಗ ಕಾರಿನಲ್ಲಿ ಅರ್ಜಿದಾರಳು, ಶುಕ್ರವಾರ ಯಾರದ್ದು ಎಂದು ಕೇಳಿದಳು.

"ನಿಂದೇ ಅಲ್ವಾ ಡೆಬ್ಬಿ. ನಾನೆಂಥ ನನ್ನ ಅಂಗಿಗೆ ಬಟನು ಹಾಕ್ಲಿಕ್ಕೆ ಹೇಳಿದ್ನಾ? ನಾಲ್ಕು ಜನ ನಿನ್ನ ಹೆಸರು ಹೇಳ್ಲಿ ಅಂತ."

"ಹೆಸರು ಬೇಡ ನಂಗೆ. ಶುಕ್ರವಾರ ಬೇಕು."

"ಈಗ ಹೇಳಿ ಆಯ್ತಲ್ಲ ಮಾರಾಯ್ತಿ, ಮೈಕಲ್ಲಿ."

ಜಗಲಿಯಲ್ಲಿ ಹೇಳಿದ ಮಾತಿಗಿಂತ ಮೈಕಿನಲ್ಲಿ ಹೇಳಿದ ಮಾತು ಹೆಚ್ಚು ಗಟ್ಟಿ ಎಂಬ ಈ ನಿಯಮ ಯಾವ ಕಾಯಿದೆಯಲ್ಲಿದೆ ಎಂದು ತಿಳಿಸಬೇಕಾಗಿ ಕೋರಿಕೆ.

13. ಈ ಅರ್ಜಿಯನ್ನು ಕನ್ನಡದಲ್ಲಿ ಸಲ್ಲಿಸಲು ಕಾರಣ: ಮನೆಮಾತು ಕೊಂಕಣಿಯಲ್ಲಿ ಹೇಳಿದರೆ ಜಗಳವೆನ್ನಿಸಿಕೊಳ್ಳುತ್ತದೆ, ಇಂಗ್ಲಿಷಿನಲ್ಲಿ ಹೇಳಿದರೆ ಮಗಳು ಮಾತ್ರ ಕೇಳಿಸಿಕೊಂಡು ಓಕೆ ಎನ್ನುತ್ತಾಳೆ. ಮಾನ್ಯರು ಪೂರ್ತಿ ಓದುವುದು ಕೂಟದ ಪತ್ರವ್ಯವಹಾರವನ್ನು ಮಾತ್ರ, ಅದು ಕನ್ನಡದಲ್ಲಿದೆ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ಬರುವ ಶುಕ್ರವಾರದ ಶಿಬಿರವನ್ನು ರದ್ದುಪಡಿಸಬೇಕೆಂದೂ, ಅರ್ಜಿದಾರಳ ಕಸೂತಿಯಿಂದ ಸಮಾಜಕ್ಕಾಗಲಿ ಸಂಸಾರಕ್ಕಾಗಲಿ ಯಾವುದೇ ಪ್ರಯೋಜನ ಆಗತಕ್ಕದ್ದಲ್ಲ ಎಂದು ಆದೇಶ ಹೊರಡಿಸಬೇಕೆಂದೂ, ಅವಳು ಕೆಟ್ಟದಾಗಿ, ನಿಧಾನವಾಗಿ, ಯಾರಿಗೂ ತೋರಿಸದೆ ಹೊಲಿಯುವ ಹಕ್ಕನ್ನು ಕಾಯ್ದಿರಿಸಬೇಕೆಂದೂ ಪ್ರಾರ್ಥನೆ.

ಇತಿ, ತಮ್ಮ ಮೇಲಿನ ವಿಶ್ವಾಸವನ್ನು ಇನ್ನೂ ಪೂರ್ತಿ ಬಿಚ್ಚಿ ಮುಗಿಸದ,
ಡೆಬೊರಾ ಕ್ರಾಸ್ತಾ

ಲಗತ್ತುಗಳು:
1. ಪಾರಿವಾಳ, ಎಣ್ಣೆ ಸಹಿತ. ಪರಿಶೀಲಿಸಿ ಹಿಂದಿರುಗಿಸುವುದು. ವಾಷಿಂಗ್ ಮೆಷಿನ್ನಿಗೆ ಹಾಕಿ ಸಹಾಯ ಮಾಡಬಾರದು.
2. ಅರ್ಜಿದಾರಳಿಗೂ ಹೊದಿಸಲಾದ ಮೆರೂನು ಶಾಲು. ಅದರ ಮೇಲಿನ ಹೆಸರನ್ನು ಅವಳೇ ಹೊಲಿದದ್ದು.

ಷರಾ (ಶನಿವಾರ ಸೇರಿಸಿದ್ದು): ಮಾನ್ಯರು ಗುರುವಾರ ಊಟದ ಮೇಜಿನಲ್ಲಿ ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಸೆಡ್ರಿಕ್ ಬಂದಲ್ಲಿ ನಕ್ಕರು. ಎಣ್ಣೆ ಬಿದ್ದಲ್ಲಿ ಕನ್ನಡಕ ತೆಗೆದು ಒರೆಸಿದರು. ಆಮೇಲೆ, "ನೀನು ಇಷ್ಟು ಚಂದ ಕನ್ನಡ ಬರೀತಿ ಅಂತ ನಂಗೆ ಗೊತ್ತೇ ಇರ್ಲಿಲ್ಲ ಡೆಬ್ಬಿ. ಇದನ್ನು ಕೂಟದ ಸ್ಮರಣ ಸಂಚಿಕೆಗೆ ಹಾಕುವ," ಎಂದು ಫೋನಿನಲ್ಲಿ ಪುಟಗಳ ಫೋಟೋ ತೆಗೆದುಕೊಂಡರು. ಅದರಂತೆ ಇದನ್ನು ಸಂಪಾದಕರಿಗೆ ಕಳುಹಿಸಲಾಗಿದೆ. ಎದುರು ಪುಟದಲ್ಲಿ ಕಾರ್ಗೋ ಕಂಪನಿಯ ಜಾಹೀರಾತು ಬಾರದಂತೆ ನೋಡಿಕೊಳ್ಳಬೇಕಾಗಿ ವಿನಂತಿ.

ಶುಕ್ರವಾರ ಮಧ್ಯಾಹ್ನ ಶಿಬಿರ ನಡೆಯಿತು. ಮಾನ್ಯರು ಜಗಲಿಯಲ್ಲಿ ಕೊಟ್ಟ ಮಾತು ಉಳಿಯಲಿಲ್ಲ.