ಅತ್ತೆ ಉಂಡ ಚಿಗುರು

ತಪ್ಪೆಲ್ಲ ಆ ಎರಡು ಬೊಗಸೆ ಹುಣಸೆ ಚಿಗುರಿನದು.

ದಾವಣಗೆರೆ ಸರಸ್ವತಿ ನಗರದ ಟೈಲರ್ ಖುದ್ದೂಸ್ ಅಂದು ಬೆಳಿಗ್ಗೆ ಹೆಂಡತಿ ಬಿಲ್ಕೀಸಳನ್ನು ಹರಿಹರದಲ್ಲಿ ಅವಳ ತಂಗಿಯ ಮನೆಗೆ ಬಿಟ್ಟು, ಮಾರ್ಕೆಟ್ ಹಾದು ಬರುತ್ತಿದ್ದ. ಮಧ್ಯಾಹ್ನ ಅತ್ತೆ ಹಜೀರಾಬೀ ಅದೇ ಊರಿನ ಡಾಕ್ಟರಿಗೆ ಮೊಣಕಾಲು ತೋರಿಸಿ, ಅಲ್ಲಿಂದ ಅವನ ಮನೆಗೆ ಊಟಕ್ಕೆ ಬರುವವಳಿದ್ದಳು. ಹನ್ನೊಂದು ವರ್ಷದಲ್ಲಿ ಆಕೆ ಈ ಮನೆಯ ಅಡುಗೆಯನ್ನು ಒಮ್ಮೆಯೂ ಚೆನ್ನಾಗಿದೆ ಎಂದವಳಲ್ಲ. ಆಕೆ ಬಾಗಿಲಲ್ಲಿ ಕಂಡರೆ ಸಾಕು, ಖುದ್ದೂಸನ ಕತ್ತರಿ ಗೆರೆ ತಪ್ಪುತ್ತಿತ್ತು.

ಕೊಂಡಜ್ಜಿ ಹಳ್ಳಿಯಿಂದ ಬಂದು ಮಾರ್ಕೆಟ್ಟಿನಲ್ಲಿ ಕೂತಿದ್ದ ಹಂಪವ್ವ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಸಿದಳು. ಒಳಗೆ ಕೆಂಪು ಬೆರೆತ ಎಳೆ ಹಸಿರು.

"ತಗೊಳ್ರಿ ಅಣ್ಣಾ, ವರ್ಷಕ್ಕೊಂದ್ ಸಲ ಬರೋ ಚಿಗುರು. ಇನ್ನೊಂದ್ ವಾರಕ್ಕೆ ಬಲ್ತು ಹೋಗ್ತೈತೆ."

ತಾಯಿ ಮಾಡುತ್ತಿದ್ದ ಚಿಗುರು ಹಾಕಿದ ಮಟನ್ ನೆನಪಾಗಿ ಖುದ್ದೂಸನ ಬಾಯಲ್ಲಿ ನೀರೂರಿತು. ಇವತ್ತಾದರೂ ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಬೀಳಲಿ ಎಂದುಕೊಂಡು ಎರಡು ಬೊಗಸೆ ಕೊಂಡು ತಂದು, ತಾನೇ ಮಟನ್ ಜೊತೆ ಬೇಯಿಸಿದ.

ಹಜೀರಾಬೀ ಅದರ ಜೊತೆ ಮೂರು ಜೋಳದ ರೊಟ್ಟಿ ಮುಗಿಸಿ ನಡುಮನೆಯ ಮಂಚದ ಮೇಲೆ ಅಡ್ಡಾದಳು. ಖುದ್ದೂಸ್ ತಾನು ಉಣ್ಣಲು ತಟ್ಟೆ ಇಡುವಷ್ಟರಲ್ಲಿ ಪಕ್ಕದ ಮನೆಯ ಉಚ್ಚೆಂಗಪ್ಪ ವಾಸನೆ ಹಿಡಿದು ಒಳಗೆ ಬಂದ. ಭೂಮಿಯ ಮೇಲಿನ ಗಿಡವೆಲ್ಲ ತನಗೆ ಗೊತ್ತು ಎನ್ನುವ ಮನುಷ್ಯ. ಮೊರದಲ್ಲಿ ಉಳಿದಿದ್ದ ಎಲೆಯನ್ನು ಬೆಳಕಿಗೆ ಹಿಡಿದವನ ಮುಖ ಸಣ್ಣಗಾಯಿತು.

"ಸಾಬ್ರೆ, ಇದನ್ನ ಯಾರರ ಉಂಡ್ರಾ?"

"ನಮ್ಮತ್ತೆ ಉಂಡಾರೆ. ಯಾಕ್ರಿ?"

"ಇದು ಹುಣಸೆ ಅಲ್ರಿ, ಗುಲಗಂಜಿ! ಎಲೆ ಎರಡೂ ಒಂದೇ ಥರ ಇರ್ತಾವೆ. ವಿಷ ರೀ, ಎತ್ತನ್ನೇ ಕೆಡವ್ತೈತೆ!"

ಖುದ್ದೂಸನ ಎದೆ ಹೊಲಿಗೆ ಮಿಷನ್ನಿನಂತೆ ಹೊಡೆದುಕೊಂಡಿತು. ಒಂದು ಎಲೆ ಬಾಯಿಗೆ ಹಾಕಿ ಅಗಿದ. ಹೆದರಿಕೆಗೆ ನಾಲಗೆ ಒಣಗಿ ಹೋಗಿತ್ತು. ಹುಣಸೆಯ ಹುಳಿಯೂ ಇಲ್ಲ, ಗುಲಗಂಜಿಯ ಸಿಹಿಯೂ ಇಲ್ಲ.

"ನನಗೆ ಗೊತ್ತಾಗ್ತಿಲ್ರಿ. ನೀವೇ ಒಂದ್ ಎಲೆ ತಿಂದ್ ನೋಡ್ರಿ."

"ನಾನ್ಯಾಕ್ರಿ? ನನಗೆ ಮೊಮ್ಮಕ್ಕಳು ಅದಾರೆ!"

ಅಷ್ಟರಲ್ಲಿ ರವಿಕೆ ಒಯ್ಯಲು ಬಂದ ಎದುರುಮನೆಯ ನೂರ್‌ಜಹಾನ್ ಮಂಚದ ಕಡೆ ನೋಡಿ ಗಲ್ಲಕ್ಕೆ ಕೈ ಹಚ್ಚಿದಳು. "ಇದೇನ್ರಿ ಇದು? ನಿಮ್ಮತ್ತೆ ಬಂದಾಗೆಲ್ಲ ಗೊರಕೆ ನಮ್ಮನಿಗೂ ಕೇಳ್ತೈತೆ. ಇವತ್ತು ಸದ್ದೇ ಇಲ್ಲ!"

ಹೌದು, ಸದ್ದೇ ಇರಲಿಲ್ಲ. ಎಬ್ಬಿಸೋಣವೆಂದರೆ, ಎದ್ದರೆ ಬೈಗುಳದ ಭಯ. ಏಳದಿದ್ದರೆ ಅದಕ್ಕಿಂತ ದೊಡ್ಡ ಭಯ. ಖುದ್ದೂಸ್ ಮಂಚದವರೆಗೆ ಎರಡು ಸಲ ಹೋಗಿ ಎರಡು ಸಲವೂ ತಿರುಗಿ ಬಂದ.

"ಪೊಲೀಸ್ರು ಬಂದ್ರೆ ಮೊದ್ಲು ಪಾತ್ರೆನೇ ಕೇಳ್ತಾರೆ," ಎಂದ ಉಚ್ಚೆಂಗಪ್ಪ.

ಅದೊಂದು ಮಾತು ಸಾಕಾಯಿತು. ಖುದ್ದೂಸ್ ಪಾತ್ರೆ ಎತ್ತಿ ಹಿತ್ತಲಿನ ಮೋರಿಗೆ ಸುರಿದ. ಮೊರದ ಎಲೆಯನ್ನೂ ಬಿಡಲಿಲ್ಲ. ಬೂದಿ ಹಾಕಿ ಪಾತ್ರೆ ತಿಕ್ಕಿದ.

"ಖುದ್ದೂಸ್ ಮಿಯಾ!"

ನಡುಮನೆಯಿಂದ ಅತ್ತೆಯ ದನಿ! ಖುದ್ದೂಸನಿಗೆ ಹೋದ ಜೀವ ಬಂದಂತಾಯಿತು. ಓಡಿ ಹೋದ. ಉಚ್ಚೆಂಗಪ್ಪ, ನೂರ್‌ಜಹಾನ್ ಇಬ್ಬರೂ ಬಾಗಿಲಾಚೆ ಕರಗಿದರು.

"ಚಿಗುರು ಚೆನ್ನಾಗಿತ್ತು. ಇನ್ನೊಂದ್ ಬಟ್ಲು ತಗೊಂಡ್ ಬಾ."

ಹನ್ನೊಂದು ವರ್ಷ ಕಾದಿದ್ದ ಮಾತು. ಖುದ್ದೂಸನಿಗೆ ಅಳುವೇ ಬಂತು.

"ಅಮ್ಮಿ... ಅದಕ್ಕೆ ಬೆಕ್ಕು ಬಾಯಿ ಹಾಕ್ತು. ಚೆಲ್ಲಿಬಿಟ್ಟೆ."

"ಅಯ್ಯೋ ಪಾಪ. ಇದು ಗುಲಗಂಜಿ, ತಿನ್‌ಬ್ಯಾಡ ಅಂತ ಬೆಕ್ಕಿಗೆ ಹೇಳ್ಬೇಕಿತ್ತು."

ಖುದ್ದೂಸ್ ಹಿತ್ತಲಿನ ಮೋರಿಯ ಕಡೆ ತಿರುಗಿ ನೋಡಿದ.

"ಅರವತ್ತು ವರ್ಷದಿಂದ ಚಿಗುರು ತಿಂದೀನಿ, ನನಗೆ ಹುಣಸೆ ಗೊತ್ತಾಗಲ್ವಾ? ಅಳಿಯ ಡಾಕ್ಟರ್‌ನ ಕರೀತಾನೋ, ಪಾತ್ರೆ ತೊಳೀತಾನೋ ನೋಡಾಣ ಅಂತ ಸುಮ್ನೆ ಕಣ್ಣು ಮುಚ್ಕೊಂಡಿದ್ದೆ."

ಹಜೀರಾಬೀ ದಿಂಬಿನ ಕೆಳಗಿಂದ ಫೋನ್ ಹೊರತೆಗೆದಳು. "ಎಲ್ಲಾ ಕೇಳಿಸ್ತಾ ಬಿಲ್ಕೀಸ್?"

"ಕೇಳಿಸ್ತು ಅಮ್ಮಿ," ಎಂದಿತು ಹರಿಹರದಿಂದ ಹೆಂಡತಿಯ ದನಿ. "ಈಗಿನ ಬಸ್ಸಿಗೇ ಬರ್ತೀನಿ. ಎಲ್ಲೂ ಹೋಗ್‌ಬ್ಯಾಡ ಅನ್ನು ಅವರಿಗೆ."