ಡಬ್ಬಿ ಬಿಟ್ಟು ಹೋದ ದೊಡ್ಡಪ್ಪ

ಬಿಸಿಲಿಗೆ ಮೆಣಸಿನಕಾಯಿ ಒಣಗಿಸುವವರನ್ನು ನೀವು ನೋಡಿದ್ದೀರಿ, ಸಂಡಿಗೆ ಒಣಗಿಸುವವರನ್ನೂ ನೋಡಿದ್ದೀರಿ. ಇಯರ್‌ಬಡ್ಸ್ ಒಣಗಿಸಿದವರನ್ನು ನೋಡಿದ್ದೀರಾ? ಇಲ್ಲ ತಾನೆ! ಹಾಗಾದರೆ ನಮ್ಮ ದೊಡ್ಡಪ್ಪನ ಪರಿಚಯ ನಿಮಗಿಲ್ಲ.

ದೊಡ್ಡಪ್ಪ ಬಳ್ಳಾರಿಯ ಸತ್ಯನಾರಾಯಣಪೇಟೆಯವರು. ಮೂವತ್ತು ವರ್ಷ ಜೀನ್ಸ್ ಪ್ಯಾಂಟಿನ ಕಟಿಂಗ್ ಮಾಸ್ಟರ್. ಹೊಲಿಗೆ ಯಂತ್ರಗಳ ಗದ್ದಲಕ್ಕೆ ಕಿವಿ ಮಂದವಾಗಿತ್ತು. ಕಿವಿಗೆ ಮಷಿನ್ ಹಾಕಿಸೋಣ ಎಂದರೆ, "ಲೇ, ನಾನೇನು ಕಿವುಡ ಅದೀನೇನು? ನೀವ ಸಣ್ಣಗ ಮಾತಾಡ್ತೀರಿ!" ಎಂದು ನಮ್ಮ ಮೇಲೇ ಬೀಳುತ್ತಿದ್ದರು. ಅದೇ ನಾನು ಇಯರ್‌ಬಡ್ಸ್ ಕೊಡಿಸಿದಾಗ ಕಾಲೇಜು ಹುಡುಗರ ಹಾಗೆ ಸಿಕ್ಕಿಸಿಕೊಂಡು ಪೇಟೆಯೆಲ್ಲ ತಿರುಗಿದರು! ದಿನಾ ಬೆಳಿಗ್ಗೆ ಹತ್ತಕ್ಕೆ ಕುರುಗೋಡಿನಿಂದ ಅವರ ಅಕ್ಕ, ಅಂದರೆ ನಮ್ಮ ಸೋದರತ್ತೆ, ಫೋನ್ ಮಾಡುತ್ತಿದ್ದರು. ಹಾಸಿಗೆ ಹಿಡಿದಿದ್ದ ಅತ್ತೆಯ ದನಿ ತೀರಾ ಸಣ್ಣದು. ಅದು ದೊಡ್ಡಪ್ಪನಿಗೆ ಕೇಳಿಸುತ್ತಿದ್ದದ್ದು ಆ ಬಡ್ಸ್‌ನಲ್ಲಿ ಮಾತ್ರ. ಫೋನಿನ ಸ್ಪೀಕರ್ ಹಾಕಿದರೆ ಬರೀ ಗೊರಗೊರ.

ಒಮ್ಮೆ ಸಿರುಗುಪ್ಪದ ನಮ್ಮ ಮನೆಗೆ ಬಂದವರು ಬಡ್ಸ್ ಕಿವಿಯಲ್ಲಿಟ್ಟುಕೊಂಡೇ ವಾಪಸ್ ಬಸ್ ಹತ್ತಿದರು. ಅವನ್ನು ಚಾರ್ಜ್ ಮಾಡುವ ಡಬ್ಬಿ ನಮ್ಮಲ್ಲೇ ಉಳಿಯಿತು. ತೆಕ್ಕಲಕೋಟೆ ದಾಟುವಷ್ಟರಲ್ಲಿ ಫೋನ್: "ಡಬ್ಬಿ ಬಿಟ್ಟು ಬಂದೀನಿ. ಲಗೂನ ತಂದುಕೊಡಪಾ, ಅಕ್ಕನ ಫೋನ್ ಬರತೈತಿ."

"ನಾಳೆ ತರ್ತೀನಿ, ದೊಡ್ಡಪ್ಪ."

ನನ್ನ ನಾಳೆ ಬೆಳೆಯುತ್ತಾ ಹೋಯಿತು, ದೊಡ್ಡಪ್ಪನ ಪ್ರಯೋಗಗಳೂ ಬೆಳೆದವು. ಮೊದಲು ಮಾಳಿಗೆ ಮೇಲೆ ಬಟ್ಟೆ ಹಾಸಿ ಬಡ್ಸನ್ನು ಬಿಸಿಲಿಗಿಟ್ಟರು. "ಬಿಸಲಾಗ ಲೈಟ್ ಹತ್ತತಾವ, ನೀರು ಕಾಯ್ತಾವ. ಇವೇನು ದೊಡ್ಡವು?" ಮಧ್ಯಾಹ್ನ ಕಿವಿಗಿಟ್ಟುಕೊಂಡವರು "ಅಯ್ಯಯ್ಯಪ್ಪಾ!" ಎಂದು ಕಿತ್ತೆಸೆದರಂತೆ. ಮರುದಿನ ಚಾರ್ಜರಿನ ವೈರನ್ನು ಬಡ್ಸ್‌ಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ ರಾತ್ರಿಯೆಲ್ಲ ಬಿಟ್ಟರು. ಆಮೇಲೆ ಗಾಂಧಿನಗರದ ಮೊಬೈಲ್ ಅಂಗಡಿ! ಅಲ್ಲಿ ಬಂದವರ ಡಬ್ಬಿಗಳನ್ನೆಲ್ಲ ಇಸಿದುಕೊಂಡು, ಹೆಣ್ಣು ನೋಡಲು ಹೋದವರ ಹಾಗೆ ಕೂಡಿಸಿ ಕೂಡಿಸಿ ನೋಡಿದರು. ಎಡದ್ದು ಕೂತರೆ ಬಲದ್ದು ಒಲ್ಲೆ ಎನ್ನುತ್ತಿತ್ತು.

"ತಾತಾ, ಅದರದ್ದೇ ಡಬ್ಬಿ ಬೇಕ್ರಿ. ಇಲ್ಲಂದ್ರ ಚಾರ್ಜ್ ಆಗಂಗಿಲ್ಲ," ಎಂದು ಅಂಗಡಿಯವನು ಕೈಮುಗಿದ.

"ಅಳತಿ ಕೊಡು, ನಾನ ಹೊಲಕೊಂತೀನಿ!"

ಇದನ್ನೆಲ್ಲ ನಾನು ಮನೆಯವರ ಗ್ರೂಪಿಗೆ ಹಾಕಿ ಎಲ್ಲರನ್ನೂ ನಗಿಸಿದೆ. ಡಬ್ಬಿ ಮಾತ್ರ ಕೊಟ್ಟು ಬರಲಿಲ್ಲ.

ಆರನೇ ದಿನ ಹೊರಟರೆ ಡಬ್ಬಿಯೇ ಇಲ್ಲ! ಮನೆ ಜಾಲಾಡಿದ ಮೇಲೆ ದೇವರ ಜಗಲಿಯ ಮೇಲೆ ಸಿಕ್ಕಿತು, ಒಳಗೆ ತುಂಬಾ ವಿಭೂತಿ. "ಬಾವಾರು ಹೊಸಾ ವಿಭೂತಿ ಡಬ್ಬಿ ಬಿಟ್ಟು ಹೋಗ್ಯಾರ ಅನ್ಕೊಂಡೆ. ಮುಚ್ಚಳ ಎಷ್ಟು ಚಂದ ಟಪ್ಪಂತ ಕೂರತೈತಿ ನೋಡು!" ಎಂದಳು ಅವ್ವ. ಅದರ ಫೋಟೊನೂ ಗ್ರೂಪಿಗೆ ಹೋಯಿತು. ಬ್ರಷ್ ಹಿಡಿದು ಉಜ್ಜುತ್ತಾ ಕೂತೆ. ಹೊರಡುವುದು ಮತ್ತೊಂದು ದಿನ ಮುಂದೆ ಹೋಯಿತು. ಮರುದಿನ ಬೆಳಿಗ್ಗೆ ಅತ್ತೆ ಹೋದರೆಂದು ಸುದ್ದಿ ಬಂತು.

ಕುರುಗೋಡಿನಲ್ಲಿ ಮಣ್ಣು ಮುಗಿದ ಮೇಲೆ ಅತ್ತೆಯ ಸೊಸೆ ನನ್ನನ್ನು ಪಕ್ಕಕ್ಕೆ ಕರೆದಳು. "ಅತ್ತಿ ಈ ವಾರ ದಿನಾ ಫೋನಿನ್ಯಾಗ, 'ಒಮ್ಮೆ ಬಂದು ಹೋಗೋ ತಮ್ಮಾ' ಅಂತಿದ್ರು. ನಿಮ್ಮ ದೊಡ್ಡಪ್ಪ 'ಹೂಂ ಅಕ್ಕಾ, ಹೂಂ' ಅಂತಿದ್ರು. ಇವತ್ತು ಬರ್ತಾನ ಅಂತ ದಿನಾ ತಲಿ ಬಾಚಿಸ್ಕೊಂಡು ಕುಂದ್ರತಿದ್ರು. ಯಾಕ ಬರಲಿಲ್ಲ?"

ಡಬ್ಬಿ ನನ್ನ ಜೇಬಿನಲ್ಲೇ ಇತ್ತು. ಬಸ್ಸಿಗೆ ಕೂತರೆ ಎರಡು ತಾಸಿನ ದಾರಿ, ನಾನು ಕೂರಲಿಲ್ಲ. ಇವತ್ತಿಗೂ ಅದು ನನ್ನನ್ನು ಸುಡುತ್ತದೆ.

ಸಂಜೆ ದೊಡ್ಡಪ್ಪ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಪಕ್ಕದಲ್ಲಿ ಕೂತಾಗ ನನ್ನ ಕೈ ಹಿಡಿದುಕೊಂಡರು.

"ವಾರದಿಂದ ಅಕ್ಕ ಮಾತಾಡಿದ್ದು ಒಂದೂ ಕೇಳಿಸ್ಲಿಲ್ಲಪಾ. ಗೊತ್ತಾದ್ರ ಬೇಜಾರ್ ಮಾಡ್ಕೊಂತಾಳಂತ ಸುಮ್ನ ಹೂಂ ಅಂತಿದ್ದೆ. ಸೊಸಿ ನಿನಗ ಹೇಳಿದ್ಲಲ್ಲ, ಆಕಿ ಏನು ಕೇಳ್ತಿದ್ಲಂತ?"

ಅವರ ಕಿವಿಗೆ ಬಾಯಿಟ್ಟು ಜೋರಾಗಿ ಹೇಳಿದೆ: "ಊಟ ಆತೇನು ಅಂತ ಕೇಳ್ತಿದ್ರಂತ, ದೊಡ್ಡಪ್ಪಾ."

ದೊಡ್ಡಪ್ಪ ಕಣ್ಣೊರೆಸಿಕೊಂಡರು. "ಹಂಗಾರ ಹೂಂ ಅಂದಿದ್ದು ಚಲೋ ಆತು ಬಿಡು."